ಇರುವ ಸಾಧನ, ಕಾಣದ ಗಣಕ: ಮೇನ್‌ಫ್ರೇಮ್ ಲಿನಕ್ಸ್‌ನ ಒಂದು ಪಟ್ಟಿಯ ವಿಮರ್ಶೆ

ಯುಗಾದಿಯ ರಜೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನ್ಯಾಮತಿ ಕಡೆಯ ಹುಡುಗ. ಭೌತವಿಜ್ಞಾನದಲ್ಲಿ ಪದವಿ ಮುಗಿಸಿ, ಆಮೇಲೆ ಎಂಸಿಎ ಓದಿ, ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೇನ್‌ಫ್ರೇಮ್ ಗಣಕಗಳ ಮೇಲೆ ಓಡುವ ಲಿನಕ್ಸ್ ವ್ಯವಸ್ಥೆಗಳನ್ನು ನೋಡಿಕೊಳ್ಳುತ್ತಾನೆ. ಹೋಳಿಗೆ ತಿನ್ನುತ್ತಾ ಅವನು ಹೇಳಿದ ಕಥೆಯೇ ಈ ಲೇಖನಕ್ಕೆ ಕಾರಣ.

"ಸರ್, ಒಂದು ಭಾನುವಾರ ರಾತ್ರಿ ನಿಗದಿಯಾದ ಕೆಲಸಕ್ಕಾಗಿ ಒಂದು ವ್ಯವಸ್ಥೆಯನ್ನು ನಿಲ್ಲಿಸಿ ಮತ್ತೆ ಪ್ರಾರಂಭಿಸಿದೆವು. ಮೇಲೇಳಲೇ ಇಲ್ಲ. ಒಂದು ಡಿಸ್ಕ್ ಇಲ್ಲ ಅಂತು. ಡಿಸ್ಕ್ ವಿಭಾಗದವರನ್ನು ಎಬ್ಬಿಸಿದರೆ ಅವರು ಡಿಸ್ಕ್ ಸರಿಯಾಗಿದೆ, ತಂತಿ ಸರಿಯಾಗಿದೆ ಅಂದರು. ಹಿಂದಿನ ದಿನ ಸಂಜೆಯವರೆಗೆ ಅದೇ ಡಿಸ್ಕಿನ ಮೇಲೆ ಬರೆಯುತ್ತಿದ್ದೆವು. ಮೂರು ಗಂಟೆ ಹುಡುಕಿದೆವು. ಕೊನೆಗೆ ಹಿರಿಯರೊಬ್ಬರು ಬಂದು ಪ್ರಾರಂಭದ ಒಂದೇ ಒಂದು ಸಾಲನ್ನು ನೋಡಿ ನಕ್ಕರು."

ಆ ಒಂದು ಸಾಲನ್ನು ಕುರಿತು ನಾನು ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಹೆಸರು 'ಸಿಐಓ ಇಗ್ನೋರ್'. ಗಣಕ ಪ್ರಾರಂಭವಾಗುವಾಗ ಯಾವ ಯಾವ ಸಾಧನಗಳನ್ನು ಗುರುತಿಸಬಾರದು ಎಂದು ಲಿನಕ್ಸ್‌ನ ಕರ್ನೆಲ್‌ಗೆ ಹೇಳುವ ಪಟ್ಟಿ ಅದು. ಬಹಳ ಉಪಯುಕ್ತವಾದದ್ದು, ಒಳಗಿನ ಕೆಲಸ ಅಚ್ಚುಕಟ್ಟಾದದ್ದು. ಆದರೂ ಅದರ ರಚನೆಯಲ್ಲಿ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳನ್ನು ಗದರಿಸುವಂಥ ಒಂದು ತಪ್ಪಿದೆ ಎಂಬುದು ನನ್ನ ವಾದ.

ಮೇನ್‌ಫ್ರೇಮ್‌ನ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಹೊರಟು ಬೆಂಗಳೂರಿನ ತಂತ್ರಾಂಶ ಕಂಪನಿಗಳನ್ನು ಸೇರಿದ ಎಷ್ಟೋ ಮಕ್ಕಳು ತಾವು ಕಣ್ಣಿಂದ ಎಂದೂ ನೋಡದ ಈ ಯಂತ್ರದ ಮೇಲೆಯೇ ದುಡಿಯುತ್ತಿದ್ದಾರೆ. ಯಂತ್ರ ಇರುವುದು ಯಾವುದೋ ದೇಶದ ಯಾವುದೋ ತಣ್ಣನೆಯ ಕೋಣೆಯಲ್ಲಿ. ಅದನ್ನು ಎಬ್ಬಿಸುವವರು, ಮಲಗಿಸುವವರು ಇಲ್ಲಿ. ಮೇನ್‌ಫ್ರೇಮ್ ಸತ್ತುಹೋಯಿತು ಎಂಬ ಮಾತನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ಐಬಿಎಂ 2022ರಲ್ಲಿ ಜೆಡ್16 ಯಂತ್ರವನ್ನೂ 2025ರಲ್ಲಿ ಜೆಡ್17 ಯಂತ್ರವನ್ನೂ ಹೊರತಂದಿದೆ. ಕಾಣದ ಯಂತ್ರವನ್ನು ದೂರದಿಂದ ನಡೆಸುವವನಿಗೆ ಆ ಯಂತ್ರ ತನ್ನ ಬಗ್ಗೆ ಹೇಳುವ ಮಾತೇ ಕಣ್ಣು. ಎದ್ದು ಹೋಗಿ ತಂತಿ ಮುಟ್ಟಿ ನೋಡುವ ಅವಕಾಶ ಅವನಿಗಿಲ್ಲ. ಅದಕ್ಕೇ ಈ ಚರ್ಚೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1964ರ ಏಪ್ರಿಲ್‌ನಲ್ಲಿ ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ಪ್ರಕಟಿಸಿತು. ವಿಜ್ಞಾನದ ಲೆಕ್ಕಗಳಿಗೆಂದೇ ಮಾಡಿದ ಅದರ 44ನೇ ಮಾದರಿ 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿತ್ತು. ಹಿರಿಯ ತಲೆಮಾರಿನ ಎಷ್ಟೋ ಭೌತವಿಜ್ಞಾನಿಗಳು ತೂತು ಕಾರ್ಡುಗಳ ಕಟ್ಟು ಹಿಡಿದು ಅದರ ಬಾಗಿಲಲ್ಲಿ ನಿಂತವರೇ. 360 ಸರಣಿಯ ದೊಡ್ಡ ಕಾರ್ಯಾಚರಣ ವ್ಯವಸ್ಥೆಯಾದ ಓಎಸ್/360ರಲ್ಲಿ ಸಾಧನಗಳನ್ನು 'ಗುರುತಿಸುವ' ಪ್ರಶ್ನೆಯೇ ಇರಲಿಲ್ಲ ಎನ್ನಬೇಕು. ಯಾವ ವಿಳಾಸದಲ್ಲಿ ಕಾರ್ಡ್ ಓದುವ ಯಂತ್ರ, ಯಾವುದರಲ್ಲಿ ಮುದ್ರಕ, ಯಾವುದರಲ್ಲಿ ಟೇಪು ಎಂದು ಒಂದೊಂದನ್ನೂ ಮೊದಲೇ ಬರೆದುಕೊಟ್ಟು, 'ಸಿಸ್‌ಜೆನ್' ಎಂಬ ದೀರ್ಘ ವಿಧಿಯ ಮೂಲಕ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕಾಗಿತ್ತು. ಬರೆಯದೆ ಬಿಟ್ಟ ಸಾಧನ ವ್ಯವಸ್ಥೆಯ ಪಾಲಿಗೆ ಇಲ್ಲ. ಹೊಸ ಟೇಪ್ ಯಂತ್ರ ಬಂದರೆ ಮತ್ತೆ ಸಿಸ್‌ಜೆನ್. ಇದು ಕಷ್ಟದ ಕೆಲಸ, ಆದರೆ ಇದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಪಟ್ಟಿ ಒಂದೇ, ಅದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು, ತಪ್ಪಾದರೆ ಪಟ್ಟಿ ಬರೆದವನನ್ನು ಕೇಳಿದರಾಯಿತು. 1978ರಲ್ಲಿ ಐಬಿಎಂ ಭಾರತದಿಂದ ಹೊರಟುಹೋದ ಮೇಲೆ ಇಲ್ಲಿ ಉಳಿದ ಆ ಯಂತ್ರಗಳ ನಿರ್ವಹಣೆಯನ್ನು ನಮ್ಮದೇ ಸರ್ಕಾರಿ ಸಂಸ್ಥೆಯಾದ ಸಿಎಂಸಿ ವಹಿಸಿಕೊಂಡಿತು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಎಂಬುದು ನಿಮಗೆ ನೆನಪಿರಬಹುದು.

1983ರಲ್ಲಿ ಬಂದ 370/ಎಕ್ಸ್‌ಎ ವಿನ್ಯಾಸ ಪರಿಸ್ಥಿತಿಯನ್ನು ಬದಲಿಸಿತು. ಅದರ ನಂತರ ಪ್ರತಿಯೊಂದು ಸಾಧನಕ್ಕೂ ಯಂತ್ರದೊಳಗೆ 'ಸಬ್‌ಚಾನೆಲ್' ಎಂಬ ಒಂದು ಪ್ರತಿನಿಧಿ. ಒಂದು ಗುಂಪಿನಲ್ಲಿ ಹೆಚ್ಚೆಂದರೆ 65,536 ಸಬ್‌ಚಾನೆಲ್‌ಗಳು. ಇಂದಿನ ಯಂತ್ರಗಳಲ್ಲಿ ಇಂಥ ನಾಲ್ಕು ಗುಂಪುಗಳವರೆಗೆ ಇರಬಹುದು. ಯಾವ ಸಾಧನ ಎಲ್ಲಿದೆ, ಯಂತ್ರದ ಯಾವ ಪಾಲಿಗೆ ಅದು ಸಲ್ಲುತ್ತದೆ ಎಂಬುದು ಯಂತ್ರದ ಒಳಗಿನ ವಿನ್ಯಾಸ ಕಡತದಲ್ಲಿ ದಾಖಲಾಗಿರುತ್ತದೆ.

ಇನ್ನು ಪ್ರಾರಂಭ. ಮೇನ್‌ಫ್ರೇಮ್‌ನವರು ಇದನ್ನು ಐಪಿಎಲ್ ಎನ್ನುತ್ತಾರೆ, ಅಂದರೆ ಇನಿಷಿಯಲ್ ಪ್ರೋಗ್ರಾಂ ಲೋಡ್. ನಮ್ಮ ಹುಡುಗರಿಗೆ ಈ ಮೂರಕ್ಷರ ಕೇಳಿದೊಡನೆ ಕ್ರಿಕೆಟ್ ನೆನಪಾದರೆ ಅವರನ್ನು ದೂರುವಂತಿಲ್ಲ. ಐಪಿಎಲ್ ಆದಾಗ ಲಿನಕ್ಸ್ ಏನು ಮಾಡುತ್ತದೆ? ಒಂದೊಂದೇ ಸಬ್‌ಚಾನೆಲ್‌ನ ಬಾಗಿಲು ತಟ್ಟುತ್ತಾ ಹೋಗುತ್ತದೆ. ಈ ಸಬ್‌ಚಾನೆಲ್‌ಗೆ ಸಾಧನವೊಂದರ ಸಂಖ್ಯೆ ಅಂಟಿಕೊಂಡಿದೆಯೇ ಎಂದು ಮೊದಲು ನೋಡುತ್ತದೆ. ಇದ್ದರೆ 'ಸೆನ್ಸ್ ಐಡಿ' ಎಂಬ ಆದೇಶ ಕಳಿಸಿ, ನೀನು ಯಾರು ಎಂದು ಕೇಳುತ್ತದೆ. ಸಾಧನ ತನ್ನ ನಿಯಂತ್ರಕದ ಮಾದರಿ ಸಂಖ್ಯೆಯನ್ನೂ ತನ್ನ ಮಾದರಿ ಸಂಖ್ಯೆಯನ್ನೂ ಹೇಳುತ್ತದೆ: ನಿಯಂತ್ರಕ 3990, ಸಾಧನ 3390, ಹೀಗೆ. 3390 ಎಂಬುದು 1989ರಲ್ಲಿ ಬಂದ ತಿರುಗುವ ಡಿಸ್ಕು. ಇವತ್ತಿನ ಸಂಗ್ರಹ ಪೆಟ್ಟಿಗೆಯೊಳಗೆ ತಿರುಗುವ ತಟ್ಟೆಯೇ ಇಲ್ಲದಿದ್ದರೂ ಅದು ಅಜ್ಜನ ಹೆಸರನ್ನೇ ಹೇಳಿ ಒಳಗೆ ಬರುತ್ತದೆ. ಗುರುತು ಸಿಕ್ಕಮೇಲೆ ದಾರಿ ಸರಿಯಿದೆಯೇ ಎಂಬ ಪರೀಕ್ಷೆ, ಆಮೇಲೆ ತಕ್ಕ ಚಾಲಕ ತಂತ್ರಾಂಶಕ್ಕೆ ಒಪ್ಪಿಸುವುದು.

ಹತ್ತು ಸಾಧನಗಳಿದ್ದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ದೊಡ್ಡ ಬ್ಯಾಂಕೊಂದರ ಯಂತ್ರದ ಒಂದು ಪಾಲನ್ನು ಲಿನಕ್ಸ್‌ಗೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಆ ಪಾಲಿಗೆ ಸಾವಿರಾರು ಡಿಸ್ಕುಗಳು ಕಾಣುತ್ತವೆ. ಬಹುಪಾಲು ಪಕ್ಕದಲ್ಲಿ ಓಡುತ್ತಿರುವ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಗೆ ಸೇರಿದವು. ಲಿನಕ್ಸ್‌ಗೆ ಬೇಕಾದದ್ದು ಇಪ್ಪತ್ತು ಮಾತ್ರ. ಎಲ್ಲವನ್ನೂ ಮಾತಾಡಿಸುತ್ತಾ ಹೋದರೆ ಸಮಯ ವ್ಯರ್ಥ, ಪ್ರತಿ ಸಾಧನಕ್ಕೂ ಸ್ಮೃತಿಯಲ್ಲಿ ಜಾಗ ವ್ಯರ್ಥ. ಮೇಲಾಗಿ, ನಿದ್ದೆಗಣ್ಣಿನ ನಿರ್ವಾಹಕನೊಬ್ಬ ತನ್ನದಲ್ಲದ ಡಿಸ್ಕನ್ನು ತನ್ನದೆಂದು ಅಳಿಸಿ ಹೊಸದು ಮಾಡಿಬಿಡುವ ಭಯ.

ಇದಕ್ಕೆ ಪರಿಹಾರವೇ ಸಿಐಓ ಇಗ್ನೋರ್. ಐಬಿಎಂನ ಜರ್ಮನಿಯ ಬೋಬ್ಲಿಂಗನ್ ಪ್ರಯೋಗಾಲಯದವರು 1999ರ ಡಿಸೆಂಬರ್‌ನಲ್ಲಿ ಮೇನ್‌ಫ್ರೇಮ್‌ಗೆ ಲಿನಕ್ಸ್ ತಂದರು; ಆಮೇಲೆ ಬೆಳೆದ ಸಲಕರಣೆಗಳಲ್ಲಿ ಇದೂ ಒಂದು. ಪ್ರಾರಂಭದ ಸಾಲಿನಲ್ಲಿ ಈ ಹೆಸರು ಬರೆದು, ಮುಂದೆ ಬಿಡಬೇಕಾದ ಸಾಧನಗಳ ಸಂಖ್ಯೆಗಳನ್ನೋ ಸಂಖ್ಯೆಗಳ ವ್ಯಾಪ್ತಿಯನ್ನೋ ಕೊಡಬಹುದು. 'ಆಲ್' ಎಂದರೆ ಎಲ್ಲವನ್ನೂ ಬಿಡು. ಸಂಖ್ಯೆಯ ಹಿಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಇದನ್ನು ಮಾತ್ರ ಬಿಡಬೇಡ. ಕರ್ನೆಲ್ ಜೊತೆ ಬರುವ ವಿವರಣೆಯಲ್ಲಿ ಉದಾಹರಣೆಗೆ ಕೊಟ್ಟಿರುವ ಸಾಧನದ ಸಂಖ್ಯೆ 4711. ಅದು ಜರ್ಮನಿಯ ಕಲೋನ್ ನಗರದ ಪ್ರಸಿದ್ಧ ಸುಗಂಧದ್ರವ್ಯದ ಹೆಸರೂ ಹೌದು. ಬರೆದವರು ಎಲ್ಲಿಯವರೆಂದು ಊಹಿಸುವುದು ಕಷ್ಟವಲ್ಲ.

ಒಳಗಿನ ರಚನೆಯನ್ನು ನಾನು ಮೆಚ್ಚುತ್ತೇನೆ. ಒಂದು ಸಂಖ್ಯೆಗೆ ಒಂದು ಬಿಟ್. 65,536 ಸಂಖ್ಯೆಗಳಿಗೆ 8 ಕಿಲೋಬೈಟ್, ನಾಲ್ಕು ಗುಂಪಿಗೆ 32 ಕಿಲೋಬೈಟ್. ಬಾಗಿಲು ತಟ್ಟುವ ಮೊದಲು ಆ ಸಂಖ್ಯೆಯ ಬಿಟ್ ನೋಡಿದರಾಯಿತು. 1 ಇದ್ದರೆ ಮುಂದಿನ ಮನೆ. ಇದಕ್ಕಿಂತ ಸರಳವಾಗಿ ಮಾಡುವುದು ಸಾಧ್ಯವಿಲ್ಲ. ಇದು ನಿಜಕ್ಕೂ ಶೋಭಿಸುವ ಒಂದು ಸಂದರ್ಭವೂ ಇದೆ. ವ್ಯವಸ್ಥೆ ಕುಸಿದುಬಿದ್ದಾಗ, ಕುಸಿದ ಕ್ಷಣದ ಸ್ಮೃತಿಯನ್ನು ಉಳಿಸಿಕೊಳ್ಳಲು ಇನ್ನೊಂದು ಪುಟ್ಟ ಕರ್ನೆಲ್ ಎದ್ದೇಳುತ್ತದೆ. ಅದಕ್ಕೆ ಕೊಟ್ಟಿರುವ ಸ್ಮೃತಿ ಬಹಳ ಕಡಿಮೆ. ಅದು ಸಾವಿರಾರು ಸಾಧನಗಳನ್ನು ಮಾತಾಡಿಸುತ್ತಾ ಕೂತರೆ ಅಲ್ಲೇ ಉಸಿರುಗಟ್ಟುತ್ತದೆ. ಬರೆಯಬೇಕಾದ ಡಿಸ್ಕೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮರೆ ಎಂದು ಹೇಳಲು ಈ ಸಾಲೇ ಬೇಕು.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರುತ್ತೇನೆ.

ಪಟ್ಟಿಯಲ್ಲಿರುವ ಸಾಧನವನ್ನು ಕರ್ನೆಲ್ ಹೇಗೆ ನಡೆಸಿಕೊಳ್ಳುತ್ತದೆ? ಆ ಸಬ್‌ಚಾನೆಲ್‌ಗೆ ಯಾವ ಸಾಧನವೂ ಜೋಡಣೆಯಾಗಿಲ್ಲ ಎಂಬಂತೆ. ವಿವರಣೆಯೇ ಹಾಗೆಂದು ಒಪ್ಪಿಕೊಳ್ಳುತ್ತದೆ. ಅಂದರೆ 'ನಾನು ನೋಡಲಿಲ್ಲ' ಮತ್ತು 'ಅಲ್ಲಿ ಏನೂ ಇಲ್ಲ' ಎಂಬ ಎರಡು ಬೇರೆ ಬೇರೆ ಹೇಳಿಕೆಗಳು ಹೊರಗಿನವನಿಗೆ ಒಂದೇ ರೂಪದಲ್ಲಿ ಕೇಳಿಸುತ್ತವೆ. ಸಾಧನಗಳನ್ನು ಪಟ್ಟಿಮಾಡುವ ಆದೇಶ ಕೊಟ್ಟರೆ ಎರಡೂ ಸಂದರ್ಭಗಳಲ್ಲಿ ಬರುವುದು ಖಾಲಿ ಜಾಗ.

ಪ್ರಯೋಗಶಾಲೆಯ ಒಂದು ಉದಾಹರಣೆ ಕೊಡುತ್ತೇನೆ. ಸೀಸಿಯಂ-137 ಆಕರವನ್ನು ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಮುಂದಿಟ್ಟು ಗಾಮಾ ರೋಹಿತ ತೆಗೆಯುವ ಪ್ರಯೋಗ ಎಂಎಸ್ಸಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. 662 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಬಳಿ ದೊಡ್ಡ ಶಿಖರ; ಎಡಗಡೆ 32ರ ಬಳಿ ಬೇರಿಯಂನ ಎಕ್ಸ್-ಕಿರಣದ ಸಣ್ಣ ಶಿಖರ. ಗದ್ದಲ ಕಡಿಮೆ ಮಾಡಲೆಂದು ಕೆಳಮಟ್ಟದ ಡಿಸ್ಕ್ರಿಮಿನೇಟರ್ ಗುಂಡಿಯನ್ನು ಸ್ವಲ್ಪ ಹೆಚ್ಚು ತಿರುಗಿಸಿಬಿಟ್ಟರೆ ಆ ಎಡ ಶಿಖರ ಮಾಯ. ಪ್ರತಿ ವರ್ಷವೂ ಒಬ್ಬ ವಿದ್ಯಾರ್ಥಿ ಇದನ್ನು ಮಾಡುತ್ತಾನೆ, ದಾಖಲೆ ಪುಸ್ತಕದಲ್ಲಿ 'ಎಕ್ಸ್-ಕಿರಣ ಕಂಡುಬರಲಿಲ್ಲ' ಎಂದು ಬರೆಯುತ್ತಾನೆ. ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆಯುವುದು ಒಂದೇ ಪ್ರಶ್ನೆ: ಮಿತಿಯನ್ನು ಎಲ್ಲಿಟ್ಟಿದ್ದೆ? ಮಿತಿಗಿಂತ ಕೆಳಗಿನ ಸೊನ್ನೆ ಅಳತೆಯಲ್ಲ. ರೋಹಿತದ ಚಿತ್ರದಲ್ಲಿ ಆ ಗೆರೆಯನ್ನು ಗುರುತು ಮಾಡಬೇಕು. ಮಾಡದಿದ್ದರೆ ನೋಡಿದವನಿಗೆ ಅಲ್ಲಿ ನಿಸರ್ಗದ ಸೊನ್ನೆ ಇದೆಯೋ ನಮ್ಮ ಗುಂಡಿಯ ಸೊನ್ನೆ ಇದೆಯೋ ತಿಳಿಯುವುದಿಲ್ಲ.

ಕರ್ನೆಲ್ ಈ ಗೆರೆಯನ್ನು ಎಲ್ಲೂ ಗುರುತು ಮಾಡುವುದಿಲ್ಲವೇ? ಪೂರ್ತಿ ಇಲ್ಲ ಎಂದರೆ ಅನ್ಯಾಯವಾದೀತು. ಪಟ್ಟಿಯಲ್ಲಿರುವ ಸಾಧನವೊಂದು ಎದುರಾಯಿತು ಎಂದು ಬರೆದಿಡುವ ಸಾಲು ಅದರ ಆಕರ ಸಂಕೇತದಲ್ಲಿದೆ. ಆದರೆ ಅದು ದೋಷಶೋಧನೆಯ ಆಳವಾದ ಮಟ್ಟದಲ್ಲಿದೆ. ಮಟ್ಟ ಏರಿಸದ ಹೊರತು ದಾಖಲಾಗುವುದೇ ಇಲ್ಲ. ಪ್ರಾರಂಭದ ಪರದೆಯ ಮೇಲೆ 'ಪಟ್ಟಿಯ ಕಾರಣ ಇಷ್ಟು ಸಾಧನಗಳನ್ನು ಬಿಟ್ಟಿದ್ದೇನೆ' ಎಂಬ ಒಂದು ವಾಕ್ಯ ಬಂದಿದ್ದರೆ ನನ್ನ ವಿದ್ಯಾರ್ಥಿಯ ಮೂರು ಗಂಟೆ ಮೂರು ನಿಮಿಷವಾಗುತ್ತಿತ್ತು. ಎಣಿಕೆಗೆ ಬೇಕಾದ ಮಾಹಿತಿ ಆ ಕ್ಷಣದಲ್ಲಿ ಕರ್ನೆಲ್‌ನ ಕೈಯಲ್ಲೇ ಇರುತ್ತದೆ. ಹೇಳುವುದಿಲ್ಲ ಅಷ್ಟೆ.

ಪಟ್ಟಿಯನ್ನು ತೆರೆದು ನೋಡಬಹುದಲ್ಲ ಎನ್ನುತ್ತೀರಿ. ನೋಡಬಹುದು, ಪ್ರಾಕ್ ಎಂಬ ಕಡತಕೋಶದಲ್ಲಿ ಅದೇ ಹೆಸರಿನ ಕಡತವಿದೆ. ಆದರೆ ಅದರಲ್ಲಿರುವುದು ಸಂಖ್ಯೆಗಳ ವ್ಯಾಪ್ತಿ, ಸಾಧನಗಳಲ್ಲ. 'ಆಲ್' ಎಂದು ಬರೆದವನಿಗೆ ಅದು ಸೊನ್ನೆಯಿಂದ ಕೊನೆಯವರೆಗಿನ ಅಷ್ಟೂ ಸಂಖ್ಯೆಗಳನ್ನು ಒಪ್ಪಿಸುತ್ತದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸಾಧನವೇ ಇರುವುದಿಲ್ಲ. ಇರುವ ಸಾಧನಗಳಲ್ಲಿ ನಾವು ಬಿಟ್ಟದ್ದು ಯಾವುವು ಎಂಬ ಸರಳ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ತಿಳಿಯಬೇಕಾದರೆ ನಿಷೇಧವನ್ನೇ ತೆಗೆದು ನೋಡಬೇಕು, ಇಲ್ಲವೇ ಯಂತ್ರದ ವಿನ್ಯಾಸ ನೋಡಿಕೊಳ್ಳುವವರನ್ನು ಕೇಳಬೇಕು. ಬೆಂಗಳೂರಿನಲ್ಲಿ ರಾತ್ರಿ ಎರಡು ಗಂಟೆಗೆ ಕುಳಿತವನಿಗೆ ಆ ಎರಡನೆಯವರು ಸುಲಭವಾಗಿ ಸಿಗುವವರಲ್ಲ.

ನಮ್ಮ ಜಿಲ್ಲೆಯವರಿಗೆ ಈ ಸಂಕಟ ಅಪರಿಚಿತವೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಅದು ಬೇರೆ ತಾಲ್ಲೂಕಾದದ್ದು 2018ರಲ್ಲಿ. ಅದೇ ವರ್ಷ ಹರಪನಹಳ್ಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ. ಈಗ ಹಳೆಯ ಪಟ್ಟಿಯನ್ನೇ ಇಟ್ಟುಕೊಂಡಿರುವ ಒಂದು ಅರ್ಜಿ ತಂತ್ರಾಂಶವನ್ನು ಊಹಿಸಿಕೊಳ್ಳಿ. ತಾಲ್ಲೂಕು ಆರಿಸಿ ಎನ್ನುತ್ತದೆ. ನ್ಯಾಮತಿಯ ರೈತ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದುತ್ತಾನೆ. 'ನಿಮ್ಮ ತಾಲ್ಲೂಕನ್ನು ನಾವಿನ್ನೂ ಸೇರಿಸಿಲ್ಲ' ಎಂದು ಅದು ಹೇಳುವುದಿಲ್ಲ. ತನ್ನದೇ ತಪ್ಪೇನೋ ಎಂದುಕೊಂಡು ಅವನು ಹೊರಗೆ ನಿಲ್ಲುತ್ತಾನೆ. ಊರು ಎಲ್ಲೂ ಹೋಗಿಲ್ಲ, ಪಟ್ಟಿ ಬಾಯಿಬಿಟ್ಟಿಲ್ಲ.

ಎರಡನೆಯ ತಕರಾರು ನನ್ನ ವಿದ್ಯಾರ್ಥಿಯ ಆ ರಾತ್ರಿಗೆ ನೇರವಾಗಿ ಸಂಬಂಧಿಸಿದ್ದು. ಸಾಧನವೊಂದನ್ನು ಪಟ್ಟಿಯಿಂದ ತೆಗೆಯುವುದನ್ನು ಓಡುತ್ತಿರುವ ವ್ಯವಸ್ಥೆಯಲ್ಲೂ ಮಾಡಬಹುದು. 'ಫ್ರೀ' ಎಂಬ ಪದದೊಡನೆ ಸಂಖ್ಯೆಯನ್ನು ಆ ಕಡತಕ್ಕೆ ಬರೆದರೆ ಸಾಕು, ಕರ್ನೆಲ್ ಆ ಸಾಧನವನ್ನು ಮಾತಾಡಿಸಿ ಒಳಗೆ ಕರೆದುಕೊಳ್ಳುತ್ತದೆ. ಇದು ಒಳ್ಳೆಯ ಸೌಲಭ್ಯ. ಆದರೆ ಇದು ಈ ಓಟಕ್ಕೆ ಮಾತ್ರ. ಮುಂದಿನ ಪ್ರಾರಂಭದಲ್ಲಿ ಹಳೆಯ ಸಾಲೇ ಮತ್ತೆ ಓದಲ್ಪಡುತ್ತದೆ. ಶಾಶ್ವತವಾಗಬೇಕಾದರೆ ಪ್ರಾರಂಭದ ಸಾಲು ಇರುವ ಕಡತವನ್ನು ತಿದ್ದಬೇಕು. ತಿದ್ದಿದರೂ ಸಾಲದು; 'ಜಿಪಲ್' ಎಂಬ ಆದೇಶ ಕೊಟ್ಟು ಅದನ್ನು ಡಿಸ್ಕಿನ ಪ್ರಾರಂಭ ದಾಖಲೆಗೆ ಹೊಸದಾಗಿ ಬರೆಯಬೇಕು. ಜೊತೆಗೆ ಲಿನಕ್ಸ್ ಹಂಚಿಕೆದಾರರು ತಮ್ಮ ತಮ್ಮ ರೂಢಿಗಳನ್ನು ಸೇರಿಸಿದ್ದಾರೆ: ರೆಡ್ ಹ್ಯಾಟ್‌ನಲ್ಲಿ ಡಿಸ್ಕುಗಳಿಗೆಂದೇ ಬೇರೆ ಕಡತ, ಸೂಸೆಯ 12ನೇ ಆವೃತ್ತಿಯಲ್ಲಿ ಬಳಕೆಯಲ್ಲಿರುವ ಸಾಧನಗಳನ್ನು ಬರೆದಿಡುವ ಇನ್ನೊಂದು ಕಡತ. ಒಂದೇ ಸತ್ಯಕ್ಕೆ ಮೂರು ನಾಲ್ಕು ಪ್ರತಿಗಳು.

ಆ ವ್ಯವಸ್ಥೆಯಲ್ಲಿ ಆದದ್ದು ಇದೇ. ಆರು ತಿಂಗಳ ಹಿಂದೆ ಜಾಗ ಸಾಲದೆ ಬಂದಾಗ ಯಾರೋ ಹೊಸ ಡಿಸ್ಕನ್ನು 'ಫ್ರೀ' ಮಾಡಿ, ಮೂಲ ಕಡತವ್ಯವಸ್ಥೆ ಇರುವ ಗುಂಪಿಗೇ ಸೇರಿಸಿದರು. ಕೆಲಸವಾಯಿತು. ಪ್ರಾರಂಭದ ಸಾಲನ್ನು ತಿದ್ದುವುದು ಮರೆತುಹೋಯಿತು. ಆರು ತಿಂಗಳು ವ್ಯವಸ್ಥೆ ಸುಖವಾಗಿ ಓಡಿತು, ಏಕೆಂದರೆ ಮೇನ್‌ಫ್ರೇಮ್ ಎಂದರೆ ನಿಲ್ಲದ ಯಂತ್ರ. ಅದರ ಹೆಗ್ಗಳಿಕೆಯೇ ಅದು. ತಪ್ಪು ಮಾಡಿದ ದಿನಕ್ಕೂ ಅದು ಬಯಲಾಗುವ ದಿನಕ್ಕೂ ಇಷ್ಟು ದೂರವಿದ್ದರೆ ಕಾರಣ ಹುಡುಕುವುದು ಹೇಗೆ? ತಪ್ಪು ಮಾಡಿದವನು ಅಷ್ಟರಲ್ಲಿ ಕಂಪನಿ ಬಿಟ್ಟಿದ್ದನಂತೆ. ಆ ರಾತ್ರಿ ಪಾಳಿಯಲ್ಲಿದ್ದವನು ನಮ್ಮ ಹುಡುಗ. ಬೆಳಿಗ್ಗೆ ವಿವರಣೆ ಬರೆದುಕೊಡಬೇಕಾದವನೂ ಅವನೇ.

'ನಿರ್ವಾಹಕರು ಎಚ್ಚರದಿಂದಿರಬೇಕು' ಎಂಬ ಉತ್ತರ ಸಿದ್ಧವಾಗಿರುತ್ತದೆ. ನನಗದು ಒಪ್ಪಿಗೆಯಿಲ್ಲ. ತಾತ್ಕಾಲಿಕವಾದ ದಾರಿ ಸುಲಭವಾಗಿಯೂ ಶಾಶ್ವತವಾದ ದಾರಿ ಮೂರು ಹೆಜ್ಜೆಯದಾಗಿಯೂ ಇದ್ದರೆ ಜನ ಯಾವುದರಲ್ಲಿ ನಡೆಯುತ್ತಾರೆ ಎಂದು ವಿನ್ಯಾಸ ಮಾಡುವವರಿಗೆ ಗೊತ್ತಿರಬೇಕು. ಈಚಿನ ವರ್ಷಗಳಲ್ಲಿ ಬಂದ ಸಿಎಚ್‌ಜೆಡ್‌ಡೆವ್ ಎಂಬ ಸಲಕರಣೆ ಓಡುತ್ತಿರುವ ಸ್ಥಿತಿಯನ್ನೂ ಶಾಶ್ವತ ಸ್ಥಿತಿಯನ್ನೂ ಒಂದೇ ಆದೇಶದಲ್ಲಿ ನೋಡಿಕೊಳ್ಳುತ್ತದೆ ಎಂಬುದು ಈ ಟೀಕೆ ಅನ್ಯಾಯದ್ದಲ್ಲ ಎಂಬುದಕ್ಕೆ ಸಾಕ್ಷಿ.

ಪದಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಈ ಕಡತಕ್ಕೆ 'ಆಡ್' ಎಂದು ಬರೆದರೆ ಸಾಧನ ಸೇರುವುದಿಲ್ಲ, ಮರೆಯಾಗುವ ಪಟ್ಟಿಗೆ ಸೇರುತ್ತದೆ! ಸಾಧನ ಬೇಕೆಂದರೆ ಬರೆಯಬೇಕಾದದ್ದು 'ಫ್ರೀ'. ಕನ್ನಡದಲ್ಲಿ ಹೇಳಹೊರಟರೆ ಇನ್ನೂ ತಮಾಷೆ: 'ಅದನ್ನು ಬಿಡು' ಎಂದರೆ ಗಮನಿಸಬೇಡ, 'ಒಳಗೆ ಬಿಡು' ಎಂದರೆ ಬರಮಾಡಿಕೋ. ನಮ್ಮ 'ಬಿಡು' ಎರಡೂ ಕೆಲಸ ಮಾಡುತ್ತದೆ, ಆದರೆ ವಾಕ್ಯದ ಉಳಿದ ಭಾಗ ನಮ್ಮನ್ನು ಕಾಪಾಡುತ್ತದೆ. ಇಲ್ಲಿ ವಾಕ್ಯವೇ ಇಲ್ಲ, ಒಂದು ಪದ ಮತ್ತು ಒಂದು ಸಂಖ್ಯೆ. ಜೊತೆಗೆ ಈಗಾಗಲೇ ಪರಿಚಯವಾಗಿರುವ ಸಾಧನವನ್ನು 'ಆಡ್' ಮಾಡಿದರೆ ಆ ಕ್ಷಣ ಏನೂ ಆಗುವುದಿಲ್ಲ. ಆ ಸಾಧನ ಎಂದಾದರೂ ಕಳಚಿಕೊಂಡು ಮತ್ತೆ ಬಂದಾಗ ಮಾತ್ರ ಬಾಗಿಲು ಮುಚ್ಚಿರುತ್ತದೆ. ಸಾಲನ್ನು ಎಡದಿಂದ ಬಲಕ್ಕೆ ಓದುವ ನಿಯಮವೂ ಇದೆ. 'ಎಲ್ಲವನ್ನೂ ಬಿಡು, 4711 ಬೇಡ' ಎಂದು ಬರೆಯುವ ಬದಲು ಕ್ರಮ ತಿರುವಿ '4711 ಬೇಡ, ಎಲ್ಲವನ್ನೂ ಬಿಡು' ಎಂದರೆ 4711 ಕೂಡ ಹೋಯಿತು. ತಪ್ಪೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ವ್ಯಾಕರಣದ ಪ್ರಕಾರ ಅದು ತಪ್ಪಲ್ಲ.

ಇನ್ನೊಂದು ಭ್ರಮೆಯನ್ನು ಹೇಳಲೇಬೇಕು, ಏಕೆಂದರೆ ಇದನ್ನು ಪಾಠ ಹೇಳುವವರೂ ನಂಬಿರುವುದನ್ನು ಕಂಡಿದ್ದೇನೆ. ಸಿಐಓ ಇಗ್ನೋರ್ ಹಾಕಿದರೆ ಬೇರೆಯವರ ಡಿಸ್ಕು ಸುರಕ್ಷಿತ ಎಂಬ ಭ್ರಮೆ. ಕೈತಪ್ಪಿನಿಂದ ಸುರಕ್ಷಿತ, ನಿಜ. ಆದರೆ ಸರ್ವಾಧಿಕಾರವಿರುವ ಬಳಕೆದಾರ ಒಂದೇ ಆದೇಶದಲ್ಲಿ ಆ ಪಟ್ಟಿಯನ್ನು ಖಾಲಿ ಮಾಡಬಹುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೆನಪಿಸಿಕೊಳ್ಳಿ. ನೀರು ನಿಲ್ಲಬೇಕಾದರೆ ತೂಬು ಮುಚ್ಚಬೇಕು. ಕಚೇರಿಯ ನಕ್ಷೆಯಲ್ಲಿ ಕಾಲುವೆಯ ಗೆರೆಯನ್ನು ಅಳಿಸಿದರೆ ನೀರು ಹರಿಯುವುದು ನಿಲ್ಲದು. ಮೇನ್‌ಫ್ರೇಮ್‌ನಲ್ಲಿ ತೂಬು ಇರುವುದು ಯಂತ್ರದ ವಿನ್ಯಾಸ ಕಡತದಲ್ಲಿ. ಯಾವ ಪಾಲಿಗೆ ಯಾವ ಸಾಧನ ಸಲ್ಲುತ್ತದೆ ಎಂದು ಅಲ್ಲಿ ನಿರ್ಧರಿಸಿದರೆ ಲಿನಕ್ಸ್ ಎಷ್ಟು ತಟ್ಟಿದರೂ ಆ ಬಾಗಿಲು ತೆರೆಯದು. ಜೆಡ್/ವಿಎಂ ಎಂಬ ಆತಿಥೇಯ ವ್ಯವಸ್ಥೆಯ ಒಳಗೆ ಲಿನಕ್ಸ್ ಅತಿಥಿಯಾಗಿದ್ದರೆ, ಆತಿಥೇಯ ಕೊಟ್ಟ ಸಾಧನಗಳಷ್ಟೇ ಅತಿಥಿಗೆ ಕಾಣುವುದು. ಸಿಐಓ ಇಗ್ನೋರ್ ಕೇವಲ ನಕ್ಷೆ.

ಜೆಡ್/ವಿಎಂನ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಅದೇ ಮನೆಯ ಈ ಹಿರಿಯ ವ್ಯವಸ್ಥೆ ಇದೇ ಪ್ರಶ್ನೆಯನ್ನು ಹೇಗೆ ಬಿಡಿಸಿದೆ ನೋಡಿ. ಅದರ ವಿನ್ಯಾಸ ಕಡತದಲ್ಲಿ 'ಡಿವೈಸಸ್' ಎಂಬ ಹೇಳಿಕೆ ಇದೆ. ಈ ಸಾಧನವನ್ನು ಸ್ವೀಕರಿಸಬೇಕೇ, ಅದರ ಗುರುತು ಕೇಳಬೇಕೇ, ಪ್ರಾರಂಭದಲ್ಲಿ ಅದನ್ನು ಬಳಕೆಗೆ ತರಬೇಕೇ ಅಥವಾ ಬದಿಗಿಡಬೇಕೇ ಎಂಬವೆಲ್ಲ ಅಲ್ಲಿ ಬೇರೆ ಬೇರೆ ಪದಗಳು. ಸಾಧನ ಇದೆ ಎಂದು ಒಪ್ಪಿಕೊಂಡೂ ಅದನ್ನು ಮುಟ್ಟದಿರುವುದು ಅಲ್ಲಿ ಸಾಧ್ಯ. ಐಬಿಎಂನ ಇನ್ನೊಂದು ವ್ಯವಸ್ಥೆಯಲ್ಲಿ 1990ರ ದಶಕದ ಆರಂಭದಿಂದ ಯಂತ್ರದ ವಿನ್ಯಾಸಕ್ಕೂ ಕಾರ್ಯಾಚರಣ ವ್ಯವಸ್ಥೆಯ ವಿನ್ಯಾಸಕ್ಕೂ ಒಂದೇ ಮೂಲ ಕಡತ. ಎರಡು ಪಟ್ಟಿಗಳು ಜಗಳವಾಡದಿರಲಿ ಎಂದೇ ಹಾಗೆ ಮಾಡಿದ್ದು. ಲಿನಕ್ಸ್‌ನಲ್ಲಿಯೂ ಕಂಡ ಸಾಧನವನ್ನು ಬಳಕೆಗೆ ತರುವುದು ಬೇರೆ ಹೆಜ್ಜೆಯೇ. ಆದರೆ ಅದಕ್ಕೂ ಮೊದಲಿನ ಹಂತದಲ್ಲಿ, ಇರುವಿಕೆಯನ್ನೇ ಅಲ್ಲಗಳೆಯುವ ಈ ಒಂದು ಬಿಟ್ ಕುಳಿತಿದೆ. ಕಾಣುತ್ತೇನೆ ಆದರೆ ಮುಟ್ಟುವುದಿಲ್ಲ ಎನ್ನಲು ಒಂದು ಬಿಟ್ ಸಾಲದು, ಕನಿಷ್ಠ ಎರಡು ಬೇಕು. ಇನ್ನೂ 32 ಕಿಲೋಬೈಟ್ ಕೊಟ್ಟರೆ ಇಂದಿನ ಮೇನ್‌ಫ್ರೇಮ್ ಬಡವಾಗುವುದಿಲ್ಲ.

ಮೂಲಸ್ಥಿತಿ ಯಾವುದಿರಬೇಕು ಎಂಬ ಪ್ರಶ್ನೆ ಉಳಿಯಿತು. ಕರ್ನೆಲ್ ತಾನಾಗಿ ಯಾವುದನ್ನೂ ಬಿಡುವುದಿಲ್ಲ, ಹೇಳಿದರೆ ಮಾತ್ರ. 'ಕನ್ಸೋಲ್ ಒಂದನ್ನು ಬಿಟ್ಟು ಎಲ್ಲವನ್ನೂ ಮರೆ' ಎಂದು ಸಾಲು ಹಾಕಿ ಕೊಡುವವರು ಹಂಚಿಕೆದಾರರು. ಅನುಸ್ಥಾಪನೆಯ ಹೊತ್ತಿನಲ್ಲೇ ಅದು ಬಂದುಬಿಡುತ್ತದೆ. ಯಂತ್ರದ ಒಂದು ಪಾಲಿನಲ್ಲಿ ನೇರವಾಗಿ ಓಡುವ, ಸಾವಿರಾರು ಸಾಧನ ಕಾಣುವ ಲಿನಕ್ಸ್‌ಗೆ ಇದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೆ ಜೆಡ್/ವಿಎಂನ ಒಳಗೆ ಹತ್ತು ಹನ್ನೆರಡು ಸಾಧನಗಳನ್ನು ಮಾತ್ರ ಪಡೆದಿರುವ ಅತಿಥಿಗೆ ಇದರಿಂದ ಏನು ಲಾಭ? ಆಯ್ಕೆ ಆಗಲೇ ಆತಿಥೇಯನ ಕಡತದಲ್ಲಿ ಆಗಿದೆ. ಅದೇ ಆಯ್ಕೆಯನ್ನು ಮತ್ತೊಮ್ಮೆ ಒಳಗೆ ಬರೆಸಿದರೆ ಉಳಿಯುವುದು ಮಿಲಿಸೆಕೆಂಡುಗಳು, ಬರುವುದು ಎರಡು ಪಟ್ಟಿಗಳ ಜಗಳ. ನನ್ನ ವಿದ್ಯಾರ್ಥಿಯ ವ್ಯವಸ್ಥೆ ಇಂಥ ಅತಿಥಿಯೇ ಆಗಿತ್ತು. ಅವನನ್ನು ಕೇಳಿದೆ: "ಎಷ್ಟು ಸಾಧನ ಇದ್ದವಪ್ಪಾ?" "ಹದಿನಾಲ್ಕು, ಸರ್." ಹದಿನಾಲ್ಕು ಸಾಧನಗಳಿಗೆ ಅರವತ್ತೈದು ಸಾವಿರದ ನಿಷೇಧ.

ಈ ಸಾಲಿನ ಮೇಲೆ ದುಡಿಯುವ ಓದುಗರು ಇದ್ದರೆ ಒಂದು ಮಾತು. ಸಿಐಓ ಇಗ್ನೋರ್ ಹೆಸರಿನದೇ ಒಂದು ಸಲಕರಣೆ ಲಿನಕ್ಸ್‌ನ ಮೇನ್‌ಫ್ರೇಮ್ ಸಲಕರಣೆಗಳ ಕಟ್ಟಿನಲ್ಲಿದೆ. ಈಗ ಬಳಕೆಯಲ್ಲಿರುವ ಸಾಧನಗಳಷ್ಟನ್ನೇ ಉಳಿಸಿಕೊಳ್ಳಬೇಕಾದರೆ ಪ್ರಾರಂಭದ ಸಾಲು ಹೇಗಿರಬೇಕು ಎಂದು ಅದು ತಾನೇ ಬರೆದುಕೊಡಬಲ್ಲದು. ನಿಲ್ಲಿಸುವ ಮೊದಲು ಅದನ್ನೂ ಹಿಂದಿನ ಪ್ರಾರಂಭದ ಸಾಲನ್ನೂ, ನಿಮ್ಮ ಹಂಚಿಕೆದಾರರ ಬೇರೆ ಕಡತವಿದ್ದರೆ ಅದನ್ನೂ, ಪಕ್ಕಪಕ್ಕ ಇಟ್ಟು ನೋಡಿ. ಹೊಂದದೆ ಇದ್ದ ಸಂಖ್ಯೆಯೇ ಮುಂದಿನ ಪ್ರಾರಂಭದಲ್ಲಿ ಕಾಣೆಯಾಗುವ ಸಾಧನ. ಸಾಧನವನ್ನು 'ಫ್ರೀ' ಮಾಡಿದ ಮರುಕ್ಷಣವೇ ಅದನ್ನು ಬಳಸಹೊರಡುವ ಆದೇಶಪಟ್ಟಿಗಳನ್ನು ಬರೆದಿದ್ದರೆ ಅವನ್ನೂ ತಿದ್ದಿಕೊಳ್ಳಿ. ಕರ್ನೆಲ್ ಆ ಕೆಲಸವನ್ನು ತನ್ನ ಬಿಡುವಿನಲ್ಲಿ ಮಾಡುತ್ತದೆ, ಮುಗಿಯುವವರೆಗೆ ಕಾಯಲು 'ಸಿಐಓ ಸೆಟಲ್' ಎಂಬ ಪ್ರತ್ಯೇಕ ಕಡತ ಕೊಟ್ಟಿದ್ದಾರೆ.

ನಮ್ಮ ಹುಡುಗ ಈಗ ಹಾಗೆ ಮಾಡುತ್ತಿದ್ದಾನೆ. ಮರುಪ್ರಾರಂಭದ ಮೊದಲು ತುಂಬುವ ನಮೂನೆಯಲ್ಲಿ 'ಕಾಣುವ ಸಾಧನಗಳು' ಎಂಬ ಸಾಲಿನ ಕೆಳಗೆ 'ನೋಡದೆ ಬಿಟ್ಟ ಸಾಧನಗಳು' ಎಂಬ ಇನ್ನೊಂದು ಸಾಲನ್ನು ಅವನೇ ಸೇರಿಸಿದ್ದಾನಂತೆ. ಅದನ್ನು ತುಂಬಲು ಪ್ರತಿ ಸಲವೂ ಆತಿಥೇಯ ವ್ಯವಸ್ಥೆ ನೋಡಿಕೊಳ್ಳುವವರಿಗೆ ಫೋನ್ ಮಾಡಬೇಕಾಗುತ್ತದೆ, ಅವರು ಪ್ರತಿ ಸಲವೂ ಗೊಣಗುತ್ತಾರೆ ಎಂದ.